ನಾಲ್ಕು ಕೊಕ್ಕು, ಒಂದು ಖಾಲಿ ಹಿಡಿ: ಪೌಲ್ ಕ್ಲೇಯ ಜಲವರ್ಣವೊಂದರ ಮುಂದೆ



ಕಲೆಯ ಬಗ್ಗೆ ಮಾತಾಡಲು ಕರೆದಾಗ ನಮ್ಮಂಥವರು ಒಂದು ಶತಮಾನವನ್ನೋ ಒಂದು ಪಂಥವನ್ನೋ ಎತ್ತಿಕೊಂಡು, ಒಂದು ಗಂಟೆಯಲ್ಲಿ ಊರೆಲ್ಲ ಸುತ್ತಿಸಿ ಇಳಿಸಿಬಿಡುವುದುಂಟು. ಸಭಿಕರಿಗೆ ಹೆಸರುಗಳು ಸಿಗುತ್ತವೆ, ಇಸವಿಗಳು ಸಿಗುತ್ತವೆ, ಚಿತ್ರ ಮಾತ್ರ ಸಿಗುವುದಿಲ್ಲ. ಹಾಗಾಗಿ ಈ ಸಂಜೆ ಒಂದೇ ಒಂದು ಚಿತ್ರ. ಅದೂ ದೊಡ್ಡದಲ್ಲ. ಕಾಗದದ ಎತ್ತರ ಸುಮಾರು 41 ಸೆಂಟಿಮೀಟರ್, ಅಗಲ 30. ಅದನ್ನು ಅಂಟಿಸಿದ ರಟ್ಟನ್ನೂ ಸೇರಿಸಿದರೆ 64ಕ್ಕೆ 48. ಪೌಲ್ ಕ್ಲೇ 1922ರಲ್ಲಿ ಜರ್ಮನಿಯ ವೈಮಾರ್‌ನಲ್ಲಿದ್ದಾಗ ಬರೆದದ್ದು. ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿದೆ. ಹೆಸರು ‘ಚಿಲಿಪಿಲಿ ಯಂತ್ರ’.

ನೋಡಿದ ಕೂಡಲೆ ನಗು ಬರುವ ಚಿತ್ರ ಇದು. ಈಗ ಪರದೆಯ ಮೇಲೆ ಬಂದಾಗಲೂ ನಿಮ್ಮಲ್ಲಿ ಕೆಲವರು ನಕ್ಕಿರಿ. ನಕ್ಕದ್ದು ಸರಿಯೆ. ಆದರೆ ನಗು ಬರಿಸುವ ಚಿತ್ರಗಳಿಗೆ ಒಂದು ಅನ್ಯಾಯ ಸದಾ ಆಗುತ್ತದೆ. ನಕ್ಕು ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತೇವೆ. ಗಂಭೀರ ಮುಖದ ಚಿತ್ರದ ಮುಂದೆ ಅರ್ಥವಾಗದಿದ್ದರೂ ಕೈಕಟ್ಟಿ ನಿಲ್ಲುವ ನಾವು, ತಮಾಷೆಯ ಚಿತ್ರಕ್ಕೆ ಅಷ್ಟು ಹೊತ್ತು ಕೊಡುವುದಿಲ್ಲ. ಇವತ್ತು ಕೊಡೋಣ.

ಮೊದಲು ಏನೇನಿದೆ ಎಂದು ಲೆಕ್ಕ ಹಾಕೋಣ. ನೀಲಿ, ನೇರಳೆ ಬಣ್ಣಗಳು ನೀರಿನಲ್ಲಿ ಕದಡಿಕೊಂಡು ಹರಡಿದ ಹಿನ್ನೆಲೆ. ಅಲ್ಲಲ್ಲಿ ಗುಲಾಬಿಯ ಛಾಯೆ. ಅದರ ನಡುವೆ ಕಪ್ಪು ರೇಖೆಯಲ್ಲಿ ನಾಲ್ಕು ಹಕ್ಕಿ. ಹಕ್ಕಿ ಎಂದು ನಾವು ಒಪ್ಪಿಕೊಳ್ಳುವುದು ತಲೆ ಮತ್ತು ಕೊಕ್ಕು ನೋಡಿ. ಮೈ ಅನ್ನುವುದು ಬರೀ ಕಡ್ಡಿ. ನಾಲ್ಕೂ ಒಂದು ತಂತಿಯ ಮೇಲೆ ಕೂತಿವೆ. ಆ ತಂತಿ ನೆಟ್ಟಗಿಲ್ಲ, ಅಲೆಯಂತೆ ಬಾಗಿದೆ. ಅದರ ಜತೆಯಲ್ಲೇ ಒಂದು ಸರಳು ಬಲಕ್ಕೆ ಸಾಗಿ ಒಂದು ಹಿಡಿಯಲ್ಲಿ ಮುಗಿಯುತ್ತದೆ. ಹಿಂದೆ ದರ್ಜಿಗಳ ಬಳಿ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ ಇರುತ್ತಿತ್ತಲ್ಲ, ಅದಕ್ಕಿದ್ದಂಥ ಹಿಡಿ. ಕೆಳಗೆ ಆಯತಾಕಾರದ ಏನೋ ಒಂದು: ತೊಟ್ಟಿಯೋ, ಗುಂಡಿಯೋ, ಪೆಟ್ಟಿಗೆಯೋ, ವೇದಿಕೆಯೋ. ಇಷ್ಟೆ. ನೆಲವಿಲ್ಲ, ಮರವಿಲ್ಲ, ಮನುಷ್ಯರಿಲ್ಲ.

ಈಗ ಕೊಕ್ಕುಗಳ ಹತ್ತಿರ ಹೋಗಿ. ನಾಲ್ಕೂ ಬಾಯಿ ತೆರೆದಿವೆ, ನಾಲ್ಕೂ ಬೇರೆ ಬೇರೆ ದಿಕ್ಕಿಗೆ ಕತ್ತು ತಿರುಗಿಸಿವೆ. ಪ್ರತಿ ಬಾಯಿಯಿಂದಲೂ ಏನೋ ಹೊರಬಂದಿದೆ. ನಾಲಗೆ ಎನ್ನಿ, ಸ್ವರ ಎನ್ನಿ. ಒಂದರ ಬಾಯಿಂದ ಹೊರಟದ್ದು ಚುಕ್ಕೆ ಸಮೇತ ಆಶ್ಚರ್ಯಸೂಚಕ ಚಿಹ್ನೆಯ ಹಾಗಿದೆ. ಇನ್ನೊಂದರದ್ದು ಸುಸ್ತಾದಂತೆ ಜೋತುಬಿದ್ದಿದೆ. ಮತ್ತೊಂದು ಕಡೆ ಬಾಣದ ತುದಿಯಂಥದ್ದು, ಗಾಳದ ಕೊಕ್ಕೆಯಂಥದ್ದು ಕಾಣುತ್ತದೆ. ಕೇಳಬೇಕಾದ ಸದ್ದನ್ನು ಕ್ಲೇ ಕಣ್ಣಿಗೆ ಕೊಟ್ಟಿದ್ದಾನೆ. ಕೂಗು, ಗೋಳು, ಚುಚ್ಚು ಮಾತು ಎಲ್ಲವೂ ಆಕಾರಗಳಾಗಿ ನಿಂತಿವೆ. ಹಾಗೆ ನಿಂತದ್ದರಿಂದಲೇ ಎಲ್ಲೂ ಸದ್ದಿಲ್ಲ. ಹಿಡಿಯನ್ನು ಯಾರೂ ಮುಟ್ಟಿಲ್ಲ.

ಬಾಣವನ್ನು ನೋಡಿ ಮುಂದೆ ಹೋಗಿಬಿಡಬೇಡಿ. ಕ್ಲೇಯ ಆ ಕಾಲದ ಚಿತ್ರಗಳಲ್ಲಿ ಬಾಣದ ಗುರುತು ಮತ್ತೆ ಮತ್ತೆ ಬರುತ್ತದೆ. 1925ರಲ್ಲಿ ಅಚ್ಚಾದ ಅವನ ಪಾಠದ ಪುಸ್ತಕ ರೇಖೆಯಿಂದ ಶುರುವಾಗಿ ಬಾಣದವರೆಗೆ ಬರುತ್ತದೆ. ಚಲನೆ ಎತ್ತ, ಬಲ ಎಷ್ಟು ಎಂಬುದನ್ನು ತೋರಿಸುವ ಸಲಕರಣೆ ಅವನಿಗೆ ಅದು. ಅಂಥ ಗುರುತನ್ನು ಹಕ್ಕಿಯ ಬಾಯಿಗೆ ಇಟ್ಟಾಗ ತರಗತಿಯ ಕಪ್ಪುಹಲಗೆಯೇ ಎದ್ದು ಬಂದು ತಂತಿಯ ಮೇಲೆ ಕೂತಂತಾಯಿತು. ಮೇಷ್ಟರು ತಮ್ಮ ಪಾಠವನ್ನು ತಾವೇ ಗೇಲಿ ಮಾಡಿಕೊಳ್ಳುವ ಬಗೆ ಇದು ಎಂಬುದು ನನ್ನ ಓದು.

ಇನ್ನು ಈ ಚಿತ್ರ ಆದದ್ದು ಹೇಗೆ ಎಂಬುದಕ್ಕೆ ಬರುತ್ತೇನೆ. ಇಲ್ಲಿ ನಿಧಾನವಾಗಿ ಹೋಗಲೇಬೇಕು, ಯಾಕೆಂದರೆ ನಾನು ಹೇಳಬೇಕೆಂದಿರುವುದರ ತಿರುಳು ಇದರಲ್ಲೇ ಇದೆ.

ಈ ಕಪ್ಪು ಗೆರೆಗಳನ್ನು ಪೆನ್ನಿನಿಂದ ನೇರವಾಗಿ ಎಳೆದದ್ದಲ್ಲ. ತೀರ ಹತ್ತಿರದಿಂದ ನೋಡಿದರೆ ಗೆರೆಯ ಅಂಚು ಒರಟು, ಅಲ್ಲಲ್ಲಿ ಮುಳ್ಳು ಮುಳ್ಳು. ಗೆರೆಯೇ ಇಲ್ಲದ ಕಡೆಯೂ ಮಸಿ ತಾಗಿದಂಥ ಕಲೆಗಳಿವೆ. 1919ರ ಸುಮಾರಿಗೆ ಕ್ಲೇ ತನಗೇ ಒಂದು ವಿಧಾನ ರೂಢಿಸಿಕೊಂಡ. ತೆಳುವಾದ ಕಾಗದದ ಒಂದು ಮಗ್ಗುಲಿಗೆ ಕಪ್ಪು ಎಣ್ಣೆ ಬಣ್ಣ ಬಳಿದು, ಅದು ಪೂರಾ ಒಣಗುವ ಮೊದಲು, ಬಣ್ಣದ ಮಗ್ಗುಲು ಕೆಳಗಾಗುವಂತೆ ಹೊಸ ಕಾಗದದ ಮೇಲೆ ಹಾಸುವುದು. ಅದರ ಮೇಲೆ, ಮೊದಲೇ ಬರೆದಿಟ್ಟ ರೇಖಾಚಿತ್ರವನ್ನು ಇಡುವುದು. ಆಮೇಲೆ ಒಂದು ಮೊನಚಾದ ಲೋಹದ ಕಡ್ಡಿಯಿಂದ ಹಳೆಯ ಗೆರೆಗಳ ಮೇಲೆ ಒತ್ತಿ ತಿದ್ದುವುದು. ಒತ್ತಿದಲ್ಲೆಲ್ಲ ಕಪ್ಪು ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಕಚೇರಿಗಳಲ್ಲಿ ಕಾರ್ಬನ್ ಹಾಳೆ ಇಟ್ಟು ಎರಡು ಪ್ರತಿ ತೆಗೆಯುತ್ತಿದ್ದುದು ಇದೇ ತತ್ವದಲ್ಲಿ. ಕ್ಲೇಯ ಕಾರ್ಬನ್ ಮನೆಯಲ್ಲೇ ತಯಾರಾದದ್ದು, ಅಷ್ಟೇ ವ್ಯತ್ಯಾಸ. ತಿದ್ದುವಾಗ ಅಂಗೈ ಊರಿದ ಕಡೆ, ಬೆರಳು ತಾಗಿದ ಕಡೆ ಬೇಡದ ಮಸಿಯೂ ಇಳಿಯುತ್ತದೆ. ಅವನು ಅದನ್ನು ಒರೆಸಲಿಲ್ಲ, ಉಳಿಸಿಕೊಂಡ.

ಚಿಲಿಪಿಲಿ ಯಂತ್ರಕ್ಕೂ ಇಂಥ ಮೂಲವೊಂದಿದೆ. ಹಿಂದಿನ ವರ್ಷ, 1921ರಲ್ಲಿ, ಕ್ಲೇ ಪೆನ್ನಿನಲ್ಲಿ ಬರೆದ ರೇಖಾಚಿತ್ರದ ಹೆಸರು ‘ಕೊಂಬೆಯ ಮೇಲೆ ಸಂಗೀತ ಕಛೇರಿ’. ಹೆಸರೇ ಹೇಳುವಂತೆ ಅಲ್ಲಿ ಕೊಂಬೆ ಇತ್ತು, ಕಛೇರಿ ಇತ್ತು. ಮರುವರ್ಷ ಹೆಸರಿನಲ್ಲಿ ಯಂತ್ರ ಬಂತು. ಹೊಸ ಹೆಸರು ಚಿತ್ರದೊಳಗಿನ ಹಿಡಿಗೆ ಮಾತ್ರ ಒಪ್ಪುತ್ತದೆ ಎಂದುಕೊಳ್ಳಬೇಡಿ. ಚಿತ್ರ ತಯಾರಾದ ಬಗೆಗೂ ಅದು ಒಪ್ಪುತ್ತದೆ. ಒಮ್ಮೆ ಸರಾಗವಾಗಿ ಹರಿದ ಗೆರೆಯನ್ನು ಎರಡನೆಯ ಸಲ ಒತ್ತಿ ಒತ್ತಿ ಎಳೆಯುವಾಗ ಕೈಯೇ ಒಂದು ಯಂತ್ರವಾಗುತ್ತದೆ. ಅದು ಹೊಸದೇನನ್ನೂ ಹುಡುಕುತ್ತಿಲ್ಲ, ಇದ್ದ ದಾರಿಯಲ್ಲಿ ಹೋಗಿ ಬರುತ್ತಿದೆ. ಈ ಹಕ್ಕಿಗಳ ಗೆರೆಯಲ್ಲಿರುವ ನಡುಕಕ್ಕೆ, ಕೀಲು ಸವೆದಂಥ ಬಿಗಿತಕ್ಕೆ ಕಾರಣ ಇದು.

ಗೆರೆ ಇಳಿದ ಮೇಲೆ ಜಲವರ್ಣ. ಎಣ್ಣೆಯ ಗೆರೆಗೆ ನೀರು ಅಂಟುವುದಿಲ್ಲ. ಹಾಗಾಗಿ ಕ್ಲೇ ಎಷ್ಟೇ ಒದ್ದೆ ಮಾಡಿ ಬಣ್ಣ ಹರಿಸಿದರೂ ಗೆರೆ ಕರಗದೆ ನಿಲ್ಲುತ್ತದೆ. ಬಣ್ಣ ತನ್ನ ಪಾಡಿಗೆ ತಾನು ಕಾಗದದ ಮೇಲೆ ಹರಡಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಅಂಚು ಕಟ್ಟಿ ಒಣಗುತ್ತದೆ. ಜಲವರ್ಣ ಮಾಡಿದವರಿಗೆಲ್ಲ ಗೊತ್ತು: ನೀರಿಗೆ ಕಡಿವಾಣ ಹಾಕಲಾಗದು, ಅದರ ಜತೆ ಒಪ್ಪಂದ ಮಾಡಿಕೊಳ್ಳಬಹುದು. ಇಲ್ಲಿ ಕ್ಲೇ ಹಕ್ಕಿಗಳ ಒಳಗೆ ಬಣ್ಣ ತುಂಬಲು ಹೋಗಿಲ್ಲ. ಹಿನ್ನೆಲೆಯ ನೀಲಿ ಹಕ್ಕಿಗಳ ಮೈಯನ್ನು ಹಾದು ಆಚೆಗೂ ಹೋಗಿದೆ.

ಈಗ ಎರಡನ್ನೂ ಒಟ್ಟಿಗೆ ನೋಡಿ. ಹಕ್ಕಿ ಹಾಡಬೇಕಾದರೆ ಉಸಿರು ಬೇಕು. ಹಾಡುವ ಯಂತ್ರಕ್ಕೂ ತಿದಿ ಬೇಕು. ಈ ಗೆರೆಗಳಲ್ಲಿ ಎರಡೂ ಇಲ್ಲ. ಹಕ್ಕಿಗಳಿಗೆ ಎದೆಗೂಡೇ ಇಲ್ಲ, ಕಡ್ಡಿಯೊಳಗೆ ಶ್ವಾಸಕೋಶ ಎಲ್ಲಿಂದ? ಯಂತ್ರದಲ್ಲಿ ಹಿಡಿಯುಂಟು, ಸರಳುಂಟು. ಕೊಳವೆ ಇಲ್ಲ, ತಿದಿ ಇಲ್ಲ. ಗಾಳಿ ಇರುವುದೆಲ್ಲ ಬಣ್ಣದಲ್ಲಿ. ಯಾರ ಹತೋಟಿಗೂ ಪೂರ್ತಿ ಸಿಗದೆ ಹರಡಿಕೊಂಡ ಆ ನೀಲಿಯೇ ಇಡೀ ಚಿತ್ರದ ಉಸಿರು. ಒತ್ತಿ ತೆಗೆದ ಗೆರೆ ಯಂತ್ರದ ಪಾಲು, ಬಿಟ್ಟುಕೊಟ್ಟ ನೀರು ಹಕ್ಕಿಯ ಪಾಲು. ಯಂತ್ರಕ್ಕೂ ಜೀವಕ್ಕೂ ಇರುವ ತಕರಾರು ಇಲ್ಲಿ ಚಿತ್ರಿಸಿದ ವಸ್ತುವಿನಲ್ಲಿ ಎಷ್ಟಿದೆಯೋ ಸಾಮಗ್ರಿಯಲ್ಲೂ ಅಷ್ಟೇ ಇದೆ. ವಿಮರ್ಶಕರು ಮೊದಲನೆಯದನ್ನು ಬೇಕಾದಷ್ಟು ಬರೆದಿದ್ದಾರೆ. ಎರಡನೆಯದನ್ನು ಬಿಟ್ಟರೆ ಈ ಚಿತ್ರ ಪತ್ರಿಕೆಯ ವ್ಯಂಗ್ಯಚಿತ್ರದ ಮಟ್ಟಕ್ಕೆ ಇಳಿಯುತ್ತದೆ ಎಂಬುದು ನನ್ನ ವಾದ.

ಹಿಡಿಯ ವಿಷಯಕ್ಕೆ ಬರೋಣ. ನೋಡಿದವರೆಲ್ಲ ಅಂದುಕೊಳ್ಳುವುದು: ಹಿಡಿ ತಿರುಗಿಸಿದರೆ ಹಕ್ಕಿ ಹಾಡುತ್ತದೆ. ಸರಿ. ಆದರೆ ಬಾಗಿದ ತಂತಿಯನ್ನು ಇನ್ನೊಮ್ಮೆ ನೋಡಿ. ಎಂಜಿನಿಯರಿಂಗ್ ಓದಿದವರು ಸಭೆಯಲ್ಲಿದ್ದರೆ ಹೇಳಿಯಾರು, ಬಾಗಿದ ದಂಡಕ್ಕೆ ಎರಡು ಕಡೆಯಿಂದಲೂ ಬಲ ಕೊಡಬಹುದು. ಹಿಡಿ ತಿರುಗಿಸಿದರೆ ಮೇಲೆ ಕೂತವರು ಮೇಲೆ ಕೆಳಗೆ ಕುಣಿಯುತ್ತಾರೆ. ಮೇಲೆ ಕೂತವರು ಕುಣಿದರೆ ಹಿಡಿ ತಾನಾಗಿ ತಿರುಗುತ್ತದೆ. ಯಾರು ಯಾರನ್ನು ಆಡಿಸುತ್ತಿದ್ದಾರೆ ಎಂದು ಚಿತ್ರ ಎಲ್ಲೂ ಹೇಳುವುದಿಲ್ಲ. ಹಿಡಿಯ ಹತ್ತಿರ ಒಂದು ಕೈಯನ್ನು ಬರೆದಿದ್ದರೆ ಪ್ರಶ್ನೆ ಅಲ್ಲೇ ಬಗೆಹರಿಯುತ್ತಿತ್ತು, ಚಿತ್ರವೂ ಅಲ್ಲೇ ಮುಗಿಯುತ್ತಿತ್ತು.

ಹಿಡಿ ತಿರುಗಿಸಿ ಹಾಡಿಸುವ ಆಟಕ್ಕೆ ಯೂರೋಪಿನಲ್ಲಿ ಹಳೆಯ ಇತಿಹಾಸವಿದೆ. 18ನೆಯ ಶತಮಾನದ ಫ್ರಾನ್ಸಿನಲ್ಲಿ ಸೆರಿನೆಟ್ ಎಂಬ ಪುಟ್ಟ ಪೆಟ್ಟಿಗೆ ಇತ್ತು. ಹಿಡಿ ತಿರುಗಿಸಿದರೆ ಒಳಗಿನ ಮೊಳೆ ಹೊಡೆದ ಉರುಳೆ ತಿರುಗುತ್ತದೆ, ತಿದಿಯೂ ಊದುತ್ತದೆ, ಸಣ್ಣ ಕೊಳವೆಗಳಿಂದ ಒಂದು ರಾಗ ಬರುತ್ತದೆ. ಇದು ಇದ್ದದ್ದು ಮನುಷ್ಯರ ಕಿವಿಗಲ್ಲ, ಪಂಜರದ ಹಕ್ಕಿಗೆ. ಅದೇ ರಾಗವನ್ನು ಮತ್ತೆ ಮತ್ತೆ ಕೇಳಿಸಿ ಕೆನರಿ ಹಕ್ಕಿಗೆ ಹಾಡು ಕಲಿಸುತ್ತಿದ್ದರು. ಫ್ರೆಂಚ್ ಚಿತ್ರಕಾರ ಶಾರ್ದಾಂ 1751ರಲ್ಲಿ ಚಿತ್ರಿಸಿದ ಒಬ್ಬ ಹೆಂಗಸು ಈ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಜರದತ್ತ ನೋಡುತ್ತಾ ಕೂತಿದ್ದಾಳೆ, ಚಿತ್ರ ಲೂವ್ರ್‌ನಲ್ಲಿದೆ. ಅಂದರೆ ಯಂತ್ರ ಗುರು, ಹಕ್ಕಿ ಶಿಷ್ಯ. ಕ್ಲೇ ಹುಟ್ಟಿ ಬೆಳೆದ ಸ್ವಿಟ್ಜರ್ಲೆಂಡಿನಲ್ಲೂ ಗಡಿಯಾರ ಕಟ್ಟುವ ಕುಶಲಿಗಳು ಹಾಡುವ ಹಕ್ಕಿಯ ಡಬ್ಬಿ, ತಾನಾಗಿ ಬರೆಯುವ ಬೊಂಬೆ ಎಲ್ಲ ಮಾಡಿದ್ದರು. ಝಾಕೆ-ದ್ರೋ ಮನೆತನದ ಬೊಂಬೆಗಳು ನೂಶಾತೆಲ್ ಊರಿನ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ.

ನಮ್ಮವರಿಗೆ ಈ ಹಿಡಿ ಹೊಸದೇನಲ್ಲ. ಟಿಪ್ಪುವಿನ ಹುಲಿಯನ್ನು ನೆನಪಿಸಿಕೊಳ್ಳಿ. ಬಿದ್ದ ಐರೋಪ್ಯ ಸೈನಿಕನ ಮೇಲೆ ಎರಗಿದ ಮರದ ಹುಲಿ, ಪಕ್ಕದಲ್ಲಿ ತಿರುಗಿಸುವ ಹಿಡಿ, ಒಳಗೆ ತಿದಿ, ಕೊಳವೆ. ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿಗೆ ಹೋದ ಅದು ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಕ್ಲೇಗೂ ಅದಕ್ಕೂ ನೇರ ಸಂಬಂಧ ಕಟ್ಟಲು ನಾನು ಹೊರಟಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ಮಾತು ತಿಳಿಯುತ್ತದೆ. ಟಿಪ್ಪುವಿನ ಹಿಡಿಗೆ ಒಬ್ಬ ಯಜಮಾನನಿದ್ದ, ಯಾರನ್ನು ನೋಡಿ ನಗಬೇಕು ಎಂಬುದೂ ಅವನಿಗೆ ಗೊತ್ತಿತ್ತು. ಕ್ಲೇಯ ಹಿಡಿಗೆ ಯಜಮಾನನಿಲ್ಲ, ಆದ್ದರಿಂದ ನಗುವಿಗೂ ದಿಕ್ಕಿಲ್ಲ.

ಸಂಗೀತದ ಮಾತು ಬಂದ ಮೇಲೆ ಕ್ಲೇಯ ಮನೆಯ ವಿಷಯ ಒಂದಿಷ್ಟು. 1879ರಲ್ಲಿ ಬರ್ನ್ ಬಳಿಯ ಮ್ಯೂಂಕೆನ್‌ಬುಕ್ಸೇ ಎಂಬ ಊರಿನಲ್ಲಿ ಹುಟ್ಟಿದ. ತಂದೆ ಸಂಗೀತದ ಮೇಷ್ಟರು, ತಾಯಿ ಹಾಡುಗಾರಿಕೆ ಕಲಿತವರು. ಹುಡುಗ ಪಿಟೀಲು ಹಿಡಿದು ಚಿಕ್ಕ ವಯಸ್ಸಿಗೇ ಬರ್ನ್ ನಗರದ ವಾದ್ಯವೃಂದದಲ್ಲಿ ಕೂತು ನುಡಿಸುವಷ್ಟು ತಯಾರಾಗಿದ್ದ. ಕೊನೆಗೆ ಕುಂಚವನ್ನೇ ಆರಿಸಿಕೊಂಡರೂ ಪಿಟೀಲು ಬಿಡಲಿಲ್ಲ. 1906ರಲ್ಲಿ ಮದುವೆಯಾದ ಲಿಲಿ ಪಿಯಾನೋ ವಾದಕಿ. ಮ್ಯೂನಿಕ್‌ನಲ್ಲಿ ಅವಳು ಪಾಠ ಹೇಳಿ ಸಂಸಾರ ನಡೆಸುತ್ತಿದ್ದಳು. ಗಂಡ ಅಡುಗೆ ಮಾಡಿ, ಮಗ ಫೆಲಿಕ್ಸ್‌ನನ್ನು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಅಡುಗೆಮನೆಯಲ್ಲೇ ಚಿತ್ರ ಬರೆಯುತ್ತಿದ್ದ. ಮಗನಿಗಾಗಿ ಚಿಂದಿ ಬಟ್ಟೆ, ಮೂಳೆ, ಸುಣ್ಣದ ಗಾರೆ ಎಲ್ಲ ಸೇರಿಸಿ ಕೈಗೊಂಬೆಗಳನ್ನು ಮಾಡಿದ. ಚಿಲಿಪಿಲಿ ಯಂತ್ರದ ತಲೆಗಳಲ್ಲಿ ಆ ಗೊಂಬೆಗಳ ಗುರುತು ನನಗೆ ಕಾಣುತ್ತದೆ.

ಇಲ್ಲಿ ಕೆ. ವೆಂಕಟಪ್ಪನವರ ನೆನಪಾಗದೆ ಇರದು. 1886ರಲ್ಲಿ ಹುಟ್ಟಿದ ಅವರು ಕ್ಲೇಗಿಂತ ಏಳು ವರ್ಷ ಚಿಕ್ಕವರು. ಕಲ್ಕತ್ತದಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು ಬಂದ, ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಕಲಾವಿದರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತವರು. ವಾದ್ಯ ಮತ್ತು ಜಲವರ್ಣ ಎರಡನ್ನೂ ಸಾಧನೆಯಾಗಿ ಹಿಡಿದ ಇಬ್ಬರು ಸಮಕಾಲೀನರು, ಎಷ್ಟು ಬೇರೆ ದಾರಿ! ವೆಂಕಟಪ್ಪನವರ ಮಂಜು ಬೆಟ್ಟಕ್ಕೆ ಬದ್ಧ, ಹೊತ್ತಿಗೆ ಬದ್ಧ. ಕ್ಲೇಯ ನೀಲಿ ಯಾವ ಊರಿನದೂ ಅಲ್ಲ. ಬೆಂಗಳೂರಿನ ವಿದ್ಯಾರ್ಥಿಗಳು ಕಸ್ತೂರಬಾ ರಸ್ತೆಯ ವೆಂಕಟಪ್ಪ ಗ್ಯಾಲರಿಯಲ್ಲಿ ಆ ಮಂಜನ್ನು ನೋಡಿಕೊಂಡು ಬಂದು ಈ ನೀಲಿಯನ್ನು ನೋಡಿದರೆ, ನೀರಿಗೆ ಎಷ್ಟು ಬಿಗಿ ಹಾಕಬಹುದು, ಎಷ್ಟು ಸಡಿಲ ಬಿಡಬಹುದು ಎಂಬ ಎರಡು ಪಾಠ ಒಟ್ಟಿಗೆ ಆಗುತ್ತದೆ.

ಬಣ್ಣ ಕ್ಲೇಗೆ ತಡವಾಗಿ ಒಲಿದದ್ದು. 1914ರ ಏಪ್ರಿಲ್‌ನಲ್ಲಿ ಆಗಸ್ಟ್ ಮಾಕೆ, ಲೂಯಿ ಮೊಯ್ಯೆ ಎಂಬ ಇಬ್ಬರು ಗೆಳೆಯರ ಜತೆ ಟ್ಯುನೀಸಿಯಾಕ್ಕೆ ಹೋಗಿ ಬಂದ ಮೇಲೆ ಅವನ ಜಲವರ್ಣ ತೆರೆದುಕೊಂಡಿತು ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ, ಅದನ್ನು ಬೆಳೆಸುವುದಿಲ್ಲ. ಆ ವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಸೆಪ್ಟೆಂಬರಿನಲ್ಲಿ ಮಾಕೆ ಸತ್ತ. 1916ರಲ್ಲಿ ಇನ್ನೊಬ್ಬ ಗೆಳೆಯ ಫ್ರಾಂಟ್ಸ್ ಮಾರ್ಕ್ ವೆರ್ದುನ್ ಬಳಿ ಸತ್ತ. ಅದೇ ತಿಂಗಳು ಕ್ಲೇಗೆ ಸೈನ್ಯದ ಕರೆ ಬಂತು.

ಅವನನ್ನು ರಣರಂಗಕ್ಕೆ ಕಳಿಸಲಿಲ್ಲ. ಶ್ಲೈಸ್‌ಹೈಮ್‌ನಲ್ಲಿ ಯುದ್ಧವಿಮಾನಗಳಿಗೆ ಬಣ್ಣ ಹಚ್ಚುವ ಕೆಲಸ, ರೈಲಿನಲ್ಲಿ ವಿಮಾನಗಳನ್ನು ಸಾಗಿಸುವಾಗ ಕಾವಲು. 1917ರಿಂದ ಗೆರ್ಸ್ಟ್‌ಹೋಫೆನ್‌ನ ವೈಮಾನಿಕ ಶಾಲೆಯಲ್ಲಿ ಸಂಬಳ ಬಟವಾಡೆಯ ಗುಮಾಸ್ತೆ. ಕಲಿಯುವ ಹುಡುಗರ ವಿಮಾನಗಳು ಉರುಳಿ ಬೀಳುವುದನ್ನು ಅಲ್ಲಿ ಕಣ್ಣಾರೆ ಕಂಡ. ಮೇಜಿನ ಡ್ರಾಯರ್‌ನಲ್ಲಿ ಚಿತ್ರ ಬರೆದುಕೊಂಡ, ವಿಮಾನದ ರೆಕ್ಕೆಗೆ ಹೊದಿಸುವ ಬಟ್ಟೆಯ ತುಂಡುಗಳ ಮೇಲೂ ಬರೆದ. 1918ರ ಅವನ ಕೆಲಸದಲ್ಲಿ ಹಕ್ಕಿಯೋ ವಿಮಾನವೋ ತಿಳಿಯದ ಆಕೃತಿಗಳಿವೆ. ‘ಹೂವಿನ ಪುರಾಣ’ ಎಂಬ ಚಿತ್ರದ ಹಕ್ಕಿ ಮೂತಿ ಮುಂದೆ ಮಾಡಿ ಕೆಳಗೆ ಧುಮುಕುತ್ತಿದೆ. ಹಕ್ಕಿ ಮತ್ತು ಯಂತ್ರವನ್ನು ಕ್ಲೇ 1922ರಲ್ಲಿ ಒಂದೇ ತಂತಿಗೆ ಕಟ್ಟಿದ್ದು ಹಗುರವಾದ ತಮಾಷೆ ಎನ್ನುವವರು ವೈಮಾನಿಕ ಶಾಲೆಯ ಈ ಎರಡು ವರ್ಷಗಳನ್ನು ಮರೆತಿರುತ್ತಾರೆ. ನನಗೆ ಬೆರಗು ಆಗುವುದು ಬೇರೆ ಕಡೆ. ಇಷ್ಟನ್ನು ಕಂಡವನು ರೆಕ್ಕೆ ಮುರಿದು ಬಿದ್ದ ಹಕ್ಕಿಯನ್ನು ಬರೆದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ನಾಲ್ಕನ್ನೂ ಬಾಯಿ ತೆರೆಸಿ ಕೂರಿಸಿದ.

1921ರ ಆರಂಭದಲ್ಲಿ ಕ್ಲೇ ವೈಮಾರ್‌ನ ಬೌಹೌಸ್ ಶಾಲೆಗೆ ಮೇಷ್ಟರಾಗಿ ಬಂದ. ವಾಲ್ಟರ್ ಗ್ರೋಪಿಯಸ್ ಕಟ್ಟಿದ ಈ ಶಾಲೆಯಲ್ಲಿ ಕೈಕಸುಬೋ ಯಂತ್ರವೋ ಎಂಬ ಜಗ್ಗಾಟ 1922ರಲ್ಲಿ ಜೋರಾಗಿತ್ತು. ಮರುವರ್ಷದ ದೊಡ್ಡ ಪ್ರದರ್ಶನಕ್ಕೆ ಗ್ರೋಪಿಯಸ್ ಎತ್ತಿದ ಘೋಷಣೆಯೇ ಕಲೆ ಮತ್ತು ತಂತ್ರಜ್ಞಾನದ ಒಗ್ಗಟ್ಟು. ಅದೇ 1922ರಲ್ಲಿ ಬೌಹೌಸ್‌ನ ಇನ್ನೊಬ್ಬ ಮೇಷ್ಟರು ಓಸ್ಕರ್ ಶ್ಲೆಮ್ಮರ್, ನರ್ತಕರನ್ನು ಗೋಳ, ಶಂಕು, ಸುರುಳಿಗಳ ಉಡುಪಿನಲ್ಲಿ ನಡೆಯುವ ಬೊಂಬೆಗಳಂತೆ ಕುಣಿಸಿದ. ಶಾಲೆಯ ಜಗಲಿಯಲ್ಲೆಲ್ಲ ಯಂತ್ರದ ಮಾತು. ಕ್ಲೇ ಸಭೆಗಳಲ್ಲಿ ಹೆಚ್ಚು ಬಾಯಿಬಿಡುವ ಮನುಷ್ಯನಲ್ಲ. ಯಂತ್ರದ ಪರವೋ ವಿರುದ್ಧವೋ ಎಂದು ಕೇಳಿದವರಿಗೆ ಅವನು ಒಂದು ಯಂತ್ರ ಕಟ್ಟಿಕೊಟ್ಟ. ಅದರಿಂದ ಏನೂ ಉತ್ಪಾದನೆಯಾಗದು.

ಆ ವರ್ಷಕ್ಕೆ ನಮ್ಮ ದೇಶದ ಕಡೆಯಿಂದಲೂ ಒಂದು ಎಳೆ ಇದೆ. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತದ ಇಂಡಿಯನ್ ಸೊಸೈಟಿ ಆಫ್ ಓರಿಯೆಂಟಲ್ ಆರ್ಟ್ ನಡೆಸಿದ ಪ್ರದರ್ಶನಕ್ಕೆ ಬೌಹೌಸ್ ಮೇಷ್ಟರುಗಳ ಕೃತಿಗಳು ಹಡಗೇರಿ ಬಂದವು. ಕಾಂಡಿನ್ಸ್‌ಕಿ, ಫೈನಿಂಗರ್, ಇಟ್ಟನ್ ಜತೆಗೆ ಕ್ಲೇಯೂ ಇದ್ದ. ಹಿಂದೆ ನಿಂತು ಇದನ್ನು ಆಗಮಾಡಿದವರು ಶಾಂತಿನಿಕೇತನದಲ್ಲಿ ಪಾಠ ಹೇಳುತ್ತಿದ್ದ ಆಸ್ಟ್ರಿಯಾದ ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್. ಗಗನೇಂದ್ರನಾಥ ಠಾಕೂರರ ಕ್ಯೂಬಿಸಂ ಬಗೆಯ ಚಿತ್ರಗಳೂ ಅಲ್ಲೇ ಇದ್ದವು. ಇದೇ ಚಿತ್ರ ಬಂದಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಕ್ಲೇ ಭಾರತಕ್ಕೆ ಪುಸ್ತಕದ ಮೂಲಕ ತಡವಾಗಿ ಬಂದ ಎನ್ನುವವರಿಗೆ ಇಷ್ಟು ಗೊತ್ತಿರಲಿ. ಮುಂದೆ ನಮ್ಮ ಚಿತ್ರಕಾರ ವಿ. ಎಸ್. ಗಾಯ್‌ತೊಂಡೆ ಕ್ಲೇಯನ್ನು ಎದೆಗೆ ಹಚ್ಚಿಕೊಂಡು ಕಲಿತದ್ದು ಬೇರೆಯದೇ ಉಪನ್ಯಾಸದ ವಸ್ತು.

ಇನ್ನು ಅರ್ಥ ಹೇಳುವವರ ಕಥೆ. ಇವರಲ್ಲಿ ಎರಡು ಪಂಗಡ. ಒಂದು ಪಂಗಡ ಕೆಳಗಿನ ಗುಂಡಿಯನ್ನೇ ಹಿಡಿದುಕೊಂಡಿದೆ. ಅವರಿಗೆ ಇದು ಬೋನು; ನಕಲಿ ಹಕ್ಕಿಗಳ ದನಿಗೆ ಮರುಳಾಗಿ ನಿಜದ ಹಕ್ಕಿಗಳು ಬಂದು ಬೀಳಲೆಂದು ಹೂಡಿದ ಹೂಟ. ಕೊಕ್ಕಿನಲ್ಲಿರುವುದು ಗಾಳ, ಹಿನ್ನೆಲೆಯಲ್ಲಿರುವುದು ಕತ್ತಲು, ಒಟ್ಟಿನಲ್ಲಿ ಆಧುನಿಕ ಯುಗದ ನರಕ. ಇನ್ನೊಂದು ಪಂಗಡಕ್ಕೆ ಇದು ಮಕ್ಕಳ ಕೋಣೆಯ ಗೋಡೆಗೆ ಹಾಕಲು ಹೇಳಿ ಮಾಡಿಸಿದ ಚಿತ್ರ. ಎರಡೂ ಪಂಗಡದವರು ಚಿತ್ರದ ಒಂದೊಂದು ಮೂಲೆಯನ್ನು ಮಾತ್ರ ನೋಡಿದ್ದಾರೆ. ಗುಂಡಿಯನ್ನು ಕಂಡವರು ಹಕ್ಕಿಗಳ ಕತ್ತನ್ನು ಕಾಣಲಿಲ್ಲ. ಎಷ್ಟು ಜಂಬ ಆ ಕತ್ತುಗಳಲ್ಲಿ! ಕಛೇರಿಯ ಹಿಂದಿನ ಸಾಲಿನಲ್ಲಿ ಕೂತ ಪಕ್ಕವಾದ್ಯದವರು ತಮ್ಮ ಸರದಿ ಬಂದಾಗ ತೋರುವ ಜಂಬ ಅದು. ಅತ್ತ, ಕತ್ತನ್ನು ಕಂಡು ನಕ್ಕವರು ಹಕ್ಕಿಗಳ ಕಾಲನ್ನು ಕಾಣಲಿಲ್ಲ. ಕಾಲು ತಂತಿಯನ್ನು ಹಿಡಿದಿದೆಯೋ ತಂತಿಗೇ ಬೆಸೆದಿದೆಯೋ ಎಂದು ಬಿಡಿಸಿ ಹೇಳಲು ಆಗದು. ಹಾರಲು ಮನಸ್ಸಾದರೆ ಹಾರಬಹುದೆ? ಗೆರೆ ಒಂದೇ ಓಟದಲ್ಲಿ ಕಾಲಿನಿಂದ ತಂತಿಗೆ ಇಳಿದುಬಿಟ್ಟಿದೆ.

ನನ್ನ ಮಟ್ಟಿಗೆ ಚಿತ್ರದ ಪೂರ್ತಿ ಜೀವ ಇರುವುದು ಕತ್ತಿಗೂ ಕಾಲಿಗೂ ನಡುವಿನ ಆ ಎರಡಂಗುಲದಲ್ಲಿ. ಮೇಲೆ ಸ್ವಂತಿಕೆ, ಕೆಳಗೆ ಸರಳು. ಒಂದನ್ನು ಒತ್ತಿ ಹೇಳಿ ಇನ್ನೊಂದನ್ನು ಮರೆಸುವ ಅರ್ಥವನ್ನು ನಾನು ಒಪ್ಪುವುದಿಲ್ಲ. ಹೀಗೆ ಎರಡನ್ನೂ ಉಳಿಸಿಕೊಳ್ಳಲು ತಮಾಷೆ ಬೇಕಾಯಿತು. ಗಂಭೀರವಾಗಿ ಬರೆದಿದ್ದರೆ ಯಾವುದಾದರೂ ಒಂದು ಕಡೆಗೆ ವಾಲಲೇಬೇಕಿತ್ತು.

ಚಿತ್ರದ ಮುಂದಿನ ಪ್ರಯಾಣವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1923ರಲ್ಲಿ ಬರ್ಲಿನ್ನಿನ ನ್ಯಾಷನಲ್ ಗ್ಯಾಲರಿ ಅದನ್ನು ಕೊಂಡುಕೊಂಡಿತು. ಹತ್ತು ವರ್ಷದಲ್ಲಿ ದೇಶವೇ ಬೇರೆಯಾಯಿತು. 1933ರಲ್ಲಿ ಕ್ಲೇಯ ಮನೆಯನ್ನು ಶೋಧಿಸಿದರು, ಡ್ಯುಸೆಲ್‌ಡಾರ್ಫ್ ಅಕಾಡೆಮಿಯ ಕೆಲಸದಿಂದ ತೆಗೆದರು. ವರ್ಷದ ಕೊನೆಗೆ ಅವನು ಬರ್ನ್‌ಗೆ ಮರಳಿದ. 1937ರಲ್ಲಿ ಜರ್ಮನಿಯ ಸಾರ್ವಜನಿಕ ಸಂಗ್ರಹಗಳಿಂದ ಅವನ ನೂರಕ್ಕೂ ಹೆಚ್ಚು ಕೃತಿಗಳನ್ನು ನಾಜಿಗಳು ಎತ್ತಿಕೊಂಡರು. ‘ಅವನತಿಯ ಕಲೆ’ ಎಂದು ಮ್ಯೂನಿಕ್‌ನಲ್ಲಿ ಪ್ರದರ್ಶನ ಇಟ್ಟು, ಕೈಪಿಡಿಯಲ್ಲಿ ಅವನ ಕೆಲಸವನ್ನು ಮನೋರೋಗಿಗಳ ಚಿತ್ರದ ಪಕ್ಕ ಅಚ್ಚು ಹಾಕಿ ಹೀಯಾಳಿಸಿದರು. ಬರ್ಲಿನ್ನಿನಿಂದ ಎತ್ತಿಕೊಂಡ ಚಿತ್ರಗಳಲ್ಲಿ ನಮ್ಮ ಯಂತ್ರವೂ ಇತ್ತು. ದುಡ್ಡು ಬರುವುದಾದರೆ ಅವನತಿಯೂ ಆದೀತು ಎಂದು ಅದನ್ನು ವ್ಯಾಪಾರಿಗಳ ಕೈಗೆ ಕೊಟ್ಟರು. 1939ರಲ್ಲಿ ಅದು ಬುಖ್‌ಹೋಲ್ಟ್ಸ್ ಗ್ಯಾಲರಿಯ ಮೂಲಕ ನ್ಯೂಯಾರ್ಕಿನ ಮ್ಯೂಸಿಯಂ ಸೇರಿತು. ಚರ್ಮ ಬಿಗಿಯುತ್ತಾ ಹೋಗುವ ಕಾಯಿಲೆಯಲ್ಲಿ ನರಳುತ್ತಿದ್ದ ಕ್ಲೇ ಆ ಒಂದೇ ವರ್ಷದಲ್ಲಿ 1,253 ಕೃತಿಗಳನ್ನು ತನ್ನ ಪಟ್ಟಿಗೆ ಸೇರಿಸಿದ. 1940ರ ಜೂನ್ 29ರಂದು ತೀರಿಕೊಂಡ. ಹುಟ್ಟಿದ ದೇಶದ ಪೌರತ್ವಕ್ಕೆ ಹಾಕಿದ ಅರ್ಜಿ ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಸದ್ದಿಲ್ಲದ ಈ ಯಂತ್ರಕ್ಕೆ ಸದ್ದು ಕೊಡಲು ಹೊರಟವರೂ ಇದ್ದಾರೆ. ಜರ್ಮನಿಯ ಗೀಸೆಲ್ಹರ್ ಕ್ಲೇಬೆ 1950ರಲ್ಲಿ ಇದೇ ಹೆಸರಿನ ವಾದ್ಯವೃಂದದ ಕೃತಿ ರಚಿಸಿದ. ಅಮೆರಿಕದ ಗುಂಟರ್ ಷುಲ್ಲರ್ 1959ರಲ್ಲಿ ಕ್ಲೇಯ ಏಳು ಚಿತ್ರಗಳ ಮೇಲೆ ಬರೆದ ಸಂಗೀತದಲ್ಲಿ ಒಂದು ಭಾಗ ಇದಕ್ಕೆ ಮೀಸಲು. ಷುಲ್ಲರ್‌ನದ್ದು ಚುರುಕಾಗಿದೆ, ಬಿಡಿ ಬಿಡಿ ಸ್ವರಗಳು ಸಿಡಿಯುತ್ತವೆ. ಆದರೂ ಅದನ್ನು ಕೇಳುತ್ತಾ ಈ ಚಿತ್ರ ನೋಡುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹಿಡಿಗೆ ಯಾರೋ ಕೈ ಹಾಕಿದಂತಾಗುತ್ತದೆ.

ಸಭೆಯಲ್ಲಿರುವ ಚಿತ್ರಕಲಾ ವಿದ್ಯಾರ್ಥಿಗಳಿಗೆ ಒಂದು ಸೂಚನೆ ಕೊಟ್ಟು ಮುಗಿಸುತ್ತೇನೆ. ಈ ಚಿತ್ರದ ಮುದ್ರಿತ ಪ್ರತಿ ಕೊಳ್ಳುವುದಿದ್ದರೆ ಕೆಳಗಿನ ಅಂಚನ್ನು ನೋಡಿ ಕೊಳ್ಳಿ. ಕ್ಲೇ ತನ್ನ ಕಾಗದದ ಕೃತಿಗಳನ್ನು ರಟ್ಟಿಗೆ ಅಂಟಿಸಿ, ಸುತ್ತ ಬಣ್ಣ, ಮಸಿಯ ಗೆರೆ ಎಳೆದು, ಕೆಳಗೆ ಇಸವಿ, ಆ ವರ್ಷದ ಕ್ರಮಸಂಖ್ಯೆ, ಶೀರ್ಷಿಕೆ ಮೂರನ್ನೂ ಕೈಬರಹದಲ್ಲಿ ಬರೆಯುತ್ತಿದ್ದ. ಇದರದ್ದು 1922, ಸಂಖ್ಯೆ 151. ಬಿಗಿ ಲೆಕ್ಕದ ಗುಮಾಸ್ತೆಯ ಕೈ ಅದು, ಗೆರ್ಸ್ಟ್‌ಹೋಫೆನ್‌ನಲ್ಲಿ ಬಟವಾಡೆ ಬರೆದ ಕೈ. ಮೇಲೆ ಹರಿದಾಡುವ ನೀಲಿ, ಕೆಳಗೆ ಈ ಅಚ್ಚುಕಟ್ಟು ಲೆಕ್ಕ. ಎಷ್ಟೋ ಪುಸ್ತಕಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಚಹಾ ಲೋಟಗಳ ಮೇಲೆ ಈ ಅಂಚನ್ನು ಕತ್ತರಿಸಿ ನೀಲಿ, ಹಕ್ಕಿ ಮಾತ್ರ ಉಳಿಸಿರುತ್ತಾರೆ. ಯಂತ್ರದ ಒಂದು ಬಿಡಿಭಾಗ ಕಳಚಿಟ್ಟು ಮಾರಿದ ಹಾಗೆ ಅದು. ಅಂಥ ಪ್ರತಿಗೆ ದುಡ್ಡು ಕೊಡಬೇಡಿ. ಇನ್ನು ನಿಮ್ಮ ಪ್ರಶ್ನೆಗಳು. ಪರದೆಯ ಮೇಲಿನ ಚಿತ್ರವನ್ನು ಹಾಗೇ ಬಿಟ್ಟಿರಲು ಹೇಳಿದ್ದೇನೆ. ಎದ್ದು ಹತ್ತಿರ ಬಂದು, ಕೊಕ್ಕು ತೋರಿಸಿಯೇ ಕೇಳಿ.